ಚಮಚದ ತುದಿಯಷ್ಟು ಸಕ್ಕರೆ

ಸೂರತ್ ರೈಲು ನಿಲ್ದಾಣದ ಬಳಿಯ ಉಡುಪಿ ಹೋಟೆಲಿನಲ್ಲಿ ಕಾಫಿ ಬೆರೆಸುತ್ತಿದ್ದವರು ಭೀಮಸೇನ ಭಟ್ಟರು. ಗಿರಾಕಿಗಳು ಇನ್ನೊಂದು ಚಮಚ ಸಕ್ಕರೆ ಕೇಳಿದರೆ, "ಇದು ಕಾಫಿ ಮಾರಾಯ್ರೆ, ಪಾಯಸ ಅಲ್ಲ" ಎಂದು ಕನ್ನಡದಲ್ಲೇ ಗದರುತ್ತಿದ್ದರು. ಅರ್ಥವಾಗದ ಸೂರತಿನವರು ನಗುತ್ತ ಕುಡಿಯುತ್ತಿದ್ದರು. ಏಕಾದಶಿಯ ದಿನ ಊರಿಗೆಲ್ಲ ಕಾಫಿ ಕೊಟ್ಟು ತಾವು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಉಪನಯನವಾದಂದಿನಿಂದ ಆ ವ್ರತ ತಪ್ಪಿರಲಿಲ್ಲ.

೧೯೬೮ರ ಮಳೆಗಾಲದ ಕೊನೆಯಲ್ಲಿ ಅವರಿಗೆ ಮಲೇರಿಯಾ ಬಂತು. ಗಂಜಿಯೂ ಸೇರದ ಜ್ವರ. ಅದರ ಮೇಲೆ ಏಕಾದಶಿ. ಸಂಜೆ ಹೆಂಡತಿ ಕಮಲಾಕ್ಷಿ ಕೂಗಿದರೆ ಉತ್ತರವಿಲ್ಲ. ಮೈಯೆಲ್ಲ ತಣ್ಣನೆಯ ಬೆವರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತಿದ್ದ ಕೃಷ್ಣಮೂರ್ತಿ ಮೈಸೂರಿನವರು, ಭಟ್ಟರ ಕಾಫಿಗೆ ದಿನವೂ ಬರುವವರು. ಡಾಕ್ಟರರ ಗುಜರಾತಿಯನ್ನು ಕಮಲಾಕ್ಷಿಗೆ ಅವರೇ ತಿಳಿಸಿದರು.

"ಮಲೇರಿಯಾದ ಕ್ರಿಮಿ ರಕ್ತದ ಸಕ್ಕರೇನ ತಿನ್ನುತ್ತೆ ಅಮ್ಮ. ಇವರದು ಉಪವಾಸ ಬೇರೆ. ಈಗಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಡಬೇಕಂತೆ. ಇಲ್ದಿದ್ರೆ ಜೀವಕ್ಕೇ ಅಪಾಯ."

"ಕೊಟ್ರೆ ವ್ರತ ಮುರಿದ ಹಾಗೆ ಅಲ್ವಾ?"

"ಬಾಯಿಗೆ ಹಾಕಲ್ವಲ್ಲ..."

"ಸಮಾಧಾನಕ್ಕೆ ಹೇಳ್ಬೇಡಿ." ಕಮಲಾಕ್ಷಿ ಗಂಡನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದರು. "ಕೊಡ್ಲಿಕ್ಕೆ ಹೇಳಿ. ಪಾಪ ನನಗಿರಲಿ."

ಡಾಕ್ಟರರು ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ ಗ್ಲೂಕೋಸನ್ನು ನಿಧಾನವಾಗಿ ಒಳಗೆ ಬಿಟ್ಟರು. ಸಿರಿಂಜ್ ಖಾಲಿಯಾಗುವಷ್ಟರಲ್ಲಿ ರೆಪ್ಪೆ ಅಲುಗಿತು. ಭಟ್ಟರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು.

"ಡಿಕಾಕ್ಷನ್ ಇಳೀತಾ?"

ಕಮಲಾಕ್ಷಿ ಮಂಚದ ಕಂಬಿ ಹಿಡಿದು ಅಲ್ಲೇ ಕುಳಿತರು. ಇಂಥದ್ದನ್ನು ಪುಸ್ತಕದಲ್ಲಷ್ಟೇ ಓದಿದ್ದ ಕೃಷ್ಣಮೂರ್ತಿ, ತೆಗೆದಿಟ್ಟ ರಕ್ತವನ್ನು ಪರೀಕ್ಷೆಗೆ ಒಯ್ದರು.

ಕ್ವಿನೈನ್ ಕೆಲಸ ಮಾಡಿ ಜ್ವರ ಬಿಟ್ಟಿತು. ಭಟ್ಟರು ಹೋಟೆಲಿಗೆ ಮರಳಿದ ದಿನ ಕೃಷ್ಣಮೂರ್ತಿ ಪರೀಕ್ಷೆಯ ವಿಷಯ ಹೇಳಿದರು: ಆರೋಗ್ಯವಂತ ಮನುಷ್ಯನ ರಕ್ತವನ್ನೆಲ್ಲ ಸೇರಿಸಿದರೂ ಅದರಲ್ಲಿರುವ ಸಕ್ಕರೆ ಹೆಚ್ಚುಕಡಿಮೆ ಒಂದು ಚಮಚ, ಅಂದು ಭಟ್ಟರಲ್ಲಿ ಉಳಿದಿದ್ದುದು ಅದರ ಮೂರನೆಯ ಒಂದು ಪಾಲು.

ಭಟ್ಟರು ಡಬ್ಬಿಯಿಂದ ಒಂದು ಚಮಚ ಸಕ್ಕರೆ ತೆಗೆದರು. ಬಹುಪಾಲನ್ನು ಮತ್ತೆ ಡಬ್ಬಿಗೆ ಸುರಿದು, ತುದಿಯಲ್ಲಿ ಉಳಿದ ಹರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗಿರಾಕಿಗಳು ಕಾಯುತ್ತಿದ್ದರು.

"ಇಷ್ಟರ ಮೇಲೆ ನಿಂತಿದ್ದೆನಾ ನಾನು?"

ಮನೆಗೆ ಹೋದವರೇ ಹೆಂಡತಿಗೆ ಹೇಳಿದರು: "ಪಾಪ ನನಗಿರಲಿ ಅಂದ್ಯಂತಲ್ಲ, ಅದರಲ್ಲಿ ಅರ್ಧ ನನಗೆ ಕೊಡು."

"ಮೊದಲು ಊಟ ಮಾಡಿ," ಎಂದರು ಕಮಲಾಕ್ಷಿ.