ಹುದಿಕೇರಿಯಲ್ಲಿ ನಾನು ಅಡುಗೆಯವನು

ಹುದಿಕೇರಿಗೆ ಬಂದ ದಿನವೇ ನಾನು ಅಡುಗೆಯವನಾದೆ. ನೆಟ್ಟಗೆ ಒಂದು ಸಾರು ಮಾಡಲು ಬರದವನು. ಬಾಡಿಗೆ ಬಂಗಲೆಯ ಮಾಲೀಕರು ಕಾವೇರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ ಯಾರು ಸಾರ್?" ಎಂದರು.

"ಕುಕ್," ಎಂದ ಡೇನಿಯಲ್.

ಡೇನಿಯಲ್ ಅಮೆರಿಕದ ಕಾದಂಬರಿಕಾರ. ಗಂಡಸರನ್ನು ಪ್ರೀತಿಸುವ ಗಂಡಸರ ಬದುಕನ್ನೇ ಬರೆದವನು. ಅವರ ಹಕ್ಕಿಗಾಗಿ ಅಲ್ಲಿನ ಬೀದಿಗಳಲ್ಲಿ ಕೂಗಿ ಲಾಕಪ್ಪಿನಲ್ಲಿ ಕೂತು ಬಂದವನು. ಅವನ ಪುಸ್ತಕವೊಂದನ್ನು ಕನ್ನಡಕ್ಕೆ ತರುವಾಗ ಪರಿಚಯವಾಗಿ, ಆಮೇಲೆ ಜೊತೆಗೇ ಇರತೊಡಗಿದೆವು. ಹಾಸನದ ನಮ್ಮಣ್ಣ ಅಂದೇ ಬಾಗಿಲು ಹಾಕಿಕೊಂಡ. ಹೊಸ ಕಾದಂಬರಿಗೆ ಕಾಫಿ ತೋಟದ ನೆಮ್ಮದಿ ಬೇಕೆಂದು ಡೇನಿಯಲ್ ನನ್ನನ್ನು ಇಲ್ಲಿಗೆ ಕರೆತಂದ. "ನಿನ್ನ ಒಳ್ಳೆಯದಕ್ಕೇ ಕುಕ್ ಅಂತ ಹೇಳಿದ್ದು," ಎಂದ. ಯಾರ ಒಳ್ಳೆಯದಕ್ಕೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಡೆ ಹೊಸಬರನ್ನು ಕಂಡರೆ ಯಾವೂರು, ಯಾರ ಮಗ ಎನ್ನುತ್ತಾರೆ. ಇಲ್ಲಿ ಯಾವ ಎಸ್ಟೇಟು ಎನ್ನುತ್ತಾರೆ. ರಾಗಿಮುದ್ದೆಯ ಜಾಗಕ್ಕೆ ಅಕ್ಕಿತರಿಯ ಉಂಡೆ ಕಡಂಬುಟ್ಟು ಬಂತು, ಒಗ್ಗಿತು. ಅಂಗಡಿಯ ಮಲಯಾಳ, ತೋಟದ ಕೂಲಿಯವರ ಲೈನ್ ಮನೆಗಳ ತಮಿಳು, ಅವೂ ಒಗ್ಗಿದವು. ಹಿಂಬಾಗಿಲು ಮಾತ್ರ ಒಗ್ಗಲಿಲ್ಲ. ನಮ್ಮ ಮಾಲೀಕರ ಮನೆಯಲ್ಲಿ ಕೆಲಸದವರು ಮುಂದಿನಿಂದ ಬರುವ ಹಾಗಿಲ್ಲ.

ಹುತ್ತರಿ ಇಲ್ಲಿನ ಹೊಸ ಅಕ್ಕಿಯ ಹಬ್ಬ. ಹಬ್ಬದ ಮಾರನೆಯ ಮಧ್ಯಾಹ್ನ ಕಾವೇರಪ್ಪನವರು ಊಟಕ್ಕೆ ಕರೆದರು. ಹಾಲ್‌ನಲ್ಲಿ ಡೇನಿಯಲ್ ಪಕ್ಕ ಕೂರಲು ಹೋದಾಗ ಅವರ ಹೆಂಡತಿ ಮುತ್ತಮ್ಮ ತಡೆದರು.

"ನೀನು ಹಿಂದೆ ಹೋಗಪ್ಪ. ಡ್ರೈವರ್‌ಗಳಿಗೆಲ್ಲ ಅಲ್ಲೇ ಹಾಕಿದೆ."

ನಾನು ಡೇನಿಯಲ್‌ನನ್ನು ನೋಡಿದೆ. ಅವನು ಕೈಯಲ್ಲಿದ್ದ ಗ್ಲಾಸನ್ನು ನೋಡಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು.

"ನಾನು ಕುಕ್ ಅಲ್ಲಮ್ಮ," ಎಂದೆ. "ಗಂಡ ಹೆಂಡತಿ ಹೇಗಿರ್ತಾರೋ, ನಾವಿಬ್ಬರೂ ಹಾಗಿರೋದು."

ಬಡಿಸುವ ಕೈಗಳು ನಿಂತವು. ಕಾವೇರಪ್ಪನವರು ದನಿ ಏರಿಸಲೂ ಇಲ್ಲ.

"ಸಾರ್, ನೀವು ಇರಿ, ತೊಂದರೆ ಇಲ್ಲ. ಇವ ನಾಳೆಯಿಂದ ನಮ್ಮ ತೋಟದಲ್ಲಿ ಕಾಣಬಾರದು."

ಇಬ್ಬರೂ ಒಂದೇ ತಪ್ಪು ಮಾಡಿದ್ದರೂ ಬಿಳಿ ಚರ್ಮಕ್ಕೆ ರಿಯಾಯಿತಿ. ಅದನ್ನಾದರೂ ಡೇನಿಯಲ್ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಬಂಗಲೆಗೆ ಮರಳಿದ ಮೇಲೆ ಅವನು ಹೇಳಿದ್ದಿಷ್ಟು: "ಪುಸ್ತಕ ಮುಗಿಯುವವರೆಗೆ ಅಣ್ಣನ ಮನೆಯಲ್ಲಿರು." ಲಾಕಪ್ಪು ಕಂಡ ಶೂರನ ಮೇಲೆ ಆಗ ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ.

ಈಗ ಕುಶಾಲನಗರದ ಲಾಡ್ಜೊಂದರಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹಾಸನದ ಬಸ್ಸು ಸಿಗುತ್ತದೆ, ಹತ್ತಿಲ್ಲ. ಹುದಿಕೇರಿಯಿಂದ ಹೊರಡುವ ಮೊದಲು ಅಣ್ಣನಿಗೆ ಫೋನ್ ಮಾಡಿದ್ದೆ.

"ಬಾ," ಎಂದ. "ಅವನ ಸಹವಾಸ ಬಿಟ್ಟೆ ಅಂತ ಒಂದು ಮಾತು ಹೇಳ್ಬಿಟ್ಟು ಬಾ."

ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಯಾರಿಗಾಗಿ ಹೊರಡಲಿಲ್ಲವೋ ಅವನು ಆಗ ಪಕ್ಕದ ಕೋಣೆಯಲ್ಲಿ ನನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದ.