ಕೋಲು ಬಿಡಬೇಡ ಎಂದವನು

ಸುಧಾ, ನಿನ್ನ ಮೊಣಕಾಲನ್ನು ಕೆಡಿಸಿದವನು ನಾನು. ಕಾತ್ರಜ ಘಾಟಿನ ತಿರುವಿನಲ್ಲಿ ನಿನ್ನ ಸ್ಕೂಟರಿಗೆ ಗುದ್ದಿದ ಟೆಂಪೊ ಅದನ್ನು ಮುರಿದದ್ದು ನಿಜ — ಆದರೆ ಮುರಿದದ್ದು ಕೂಡಿತ್ತು. ಕೂಡಿದ ಕಾಲನ್ನು ಕೆಡಿಸಿದವನು ನಿನ್ನ ಒಡಹುಟ್ಟಿದ ಅಣ್ಣ. ಥೂ!

ಫಿಜಿಯೊಥೆರಪಿ ಡಾಕ್ಟರ್ ಏನು ಹೇಳಿದ್ದರು, ನೆನಪಿದೆಯೇ? ಕೋಲು ಬಿಡು, ನೋವಾದರೂ ದಿನಾ ಮೊಣಕಾಲು ಮಡಚು, ಮೆಟ್ಟಿಲು ಹತ್ತು. ಎಷ್ಟು ಖುಷಿ ನಿನಗೆ! "ದೀಪಾವಳಿಗೆ ಪರ್ವತಿ ಗುಡ್ಡ ಹತ್ತತೀನಿ ನೋಡಣ್ಣಾ" ಎಂದೆ. ಆಗಲೇ ನಾನು ಆ ಮಾತು ಹೇಳಿದ್ದು.

"ಕೋರ್ಟ್ ಮುಗಿಯೋತನಕ ಕೋಲು ಬಿಡಬ್ಯಾಡವಾ. ವಿಮಾ ಕಂಪನಿಯವರು ಕದ್ದು ಫೋಟೋ ತಗೀತಾರ. ನೀ ನೆಟ್ಟಗ ನಡದದ್ದು ಕಂಡ್ರ ಪರಿಹಾರದ ಕೇಸ್ ಮುಗೀತ್ ನೋಡು."

ವಕೀಲರ ಗುಮಾಸ್ತನಲ್ಲವೇ ನಾನು — ಕೋರ್ಟಿನ ಒಳಹೊರಗೆಲ್ಲ ಬಲ್ಲವನೆಂಬ ಸೊಕ್ಕು. ನಮ್ಮ ವಕೀಲರು ಸ್ಪಷ್ಟವಾಗಿಯೇ ಹೇಳಿದ್ದರು: ಸಾಕ್ಷಿ ಹೇಳುವ ದಿನ ತಂಗಿ ಬಂದರೆ ಸಾಕು, ಉಳಿದ ತಾರೀಖುಗಳನ್ನು ನಾವು ನೋಡಿಕೊಳ್ಳುತ್ತೇವೆ ಎಂದು. ಅದನ್ನು ನಿನಗೆ ಹೇಳಲೇ ಇಲ್ಲ. "ಹಾಜರಿ ಕಡ್ಡಾಯ ಅದ" ಎಂದು ಸುಳ್ಳು ಹೇಳಿ ಪ್ರತಿ ತಾರೀಖಿಗೂ ಶಿವಾಜಿನಗರದ ಕೋರ್ಟಿಗೆ ಕರೆದೊಯ್ದೆ. ನ್ಯಾಯಾಧೀಶರ ಕಣ್ಣಿಗೆ ಬೀಳುವಂತೆ ಮುಂದಿನ ಬೆಂಚಿನಲ್ಲಿ ಕೂರಿಸಿದೆ — ಸಂತೆಯಲ್ಲಿ ದನ ಕಟ್ಟಿದ ಹಾಗೆ. ಎದುರಿನ ವಕೀಲ ಕಾಲಾವಕಾಶ ಕೇಳುತ್ತಿದ್ದ, ತಾರೀಖು ಮುಂದೆ ಹೋಗುತ್ತಿತ್ತು, ನಾವು ಚಹಾ ಕುಡಿದು ರಿಕ್ಷಾ ಹಿಡಿಯುತ್ತಿದ್ದೆವು.

ನೀನೋ — ಅಣ್ಣ ಹೇಳಿದ್ದಾನೆಂದು ಮನೆಯೊಳಗೂ ಕೋಲು ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಕೂಡ ಮೊಣಕಾಲು ಮಡಚಲಿಲ್ಲ. ಡಾಕ್ಟರ್ ಫೋನ್ ಮಾಡಿದಾಗಲೆಲ್ಲ ನಾನೇ ಎತ್ತಿ, ಅವಳು ಧಾರವಾಡಕ್ಕೆ ಹೋಗಿದ್ದಾಳೆಂದು ಮರಾಠಿಯಲ್ಲಿ ಬೊಗಳಿದೆ.

ವರ್ಷಗಳು ಹಾಗೇ ಕಳೆದವು. ಕೊನೆಗೂ ಸಾಕ್ಷಿಯ ದಿನ ಬಂತು. ಕಟಕಟೆಯ ಒಂದು ಮೆಟ್ಟಿಲು ಹತ್ತಲು ನಿನಗೆ ಆಗಲಿಲ್ಲ. ಕಾಲು ಸೆಟೆದು ನಿಂತಿತ್ತು. ಪೊಲೀಸಿನವಳು ಕೈ ಕೊಟ್ಟಳು. ಆಗ ನಾನು — ಇದನ್ನು ಮುಚ್ಚಿಟ್ಟರೆ ಈ ಬರಹವೂ ಕಳ್ಳಾಟವೇ — ಒಳಗೊಳಗೇ ಹಿಗ್ಗಿದೆ. ಎಷ್ಟು ಚೆನ್ನಾಗಿ ನಟಿಸುತ್ತಾಳೆ ನನ್ನ ತಂಗಿ, ಎಂದುಕೊಂಡೆ. ನೀನು ನಟಿಸುತ್ತಿರಲಿಲ್ಲ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ನಾವು ಗೆದ್ದೆವು. ನಾನು ಪೇಢೆ ಹಂಚುತ್ತಿದ್ದಾಗ ವರಾಂಡದಲ್ಲಿ ನಿಂತು ನೀನು ಕೇಳಿದೆ:

"ಅಣ್ಣಾ, ಇನ್ನರ ಕೋಲು ಬಿಡ್ಲೇನು?"

ಬಿಡಲು ಬರಲಿಲ್ಲ. ಬಹಳ ತಡವಾಯಿತು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಡಾಕ್ಟರ್ ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಗೋಡೆ ನೋಡಿದೆ. ಆಮೇಲೆ ಊರಿಗೆಲ್ಲ ಸಾರಿದೆ — ಟೆಂಪೊದವನು ನನ್ನ ತಂಗಿಯ ಕಾಲು ತಿಂದ ಎಂದು. ಅದನ್ನೇ ನೀನೂ ನಂಬಿದೆ.

ಇವತ್ತು ಊಟಕ್ಕೆ ಕೂತಾಗ ನೀನು ಮತ್ತೆ ಆ ಟೆಂಪೊದವನಿಗೆ ಶಾಪ ಹಾಕಿದೆ. ನಾನು ಹೂಂ ಎನ್ನುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅಸಹ್ಯ ನನ್ನ ಜನ್ಮಕ್ಕೆ!

ಆ ಶಾಪ ನನ್ನದು, ಸುಧಾ. ನಾಳೆ ಬೆಳಿಗ್ಗೆ ಇದನ್ನು ನಿನ್ನ ಮುಂದೆ ಕೂತು ಓದುತ್ತೇನೆ. ಕೋಲು ನಿನ್ನ ಕೈಯಲ್ಲೇ ಇರುತ್ತದೆ. ನೀನು ಎತ್ತಿದರೆ ನಾನು ಕದಲುವುದಿಲ್ಲ.