ಐವತ್ತು ಕೆಬಿಯೊಳಗೆ ಹಿಡಿಯದ ಮುಖ

ನಮ್ಮಣ್ಣ ಸ್ಟುಡಿಯೋ ಇಟ್ಟು ಮೂವತ್ತು ವರ್ಷವಾಯಿತು. ಮಸುಕಾದ ಫೋಟೋವನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಗಿರಾಕಿ ಸಾಕೆಂದರೂ ಕೂರಿಸಿ ಮತ್ತೆ ತೆಗೆಯುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅವತ್ತು ನನ್ನ ನರ್ಸ್ ಕೆಲಸದ ಅರ್ಜಿಗೆ ಕೊನೆಯ ದಿನ, ಸಂಜೆ ಐದರವರೆಗೆ ಮಾತ್ರ. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತಿತ್ತು, ಇದು ತಪ್ಪಿದರೆ ಇನ್ನಿಲ್ಲ. ಎಲ್ಲ ತುಂಬಿಯಾಗಿತ್ತು, ಫೋಟೋ ಒಂದೇ ಬಾಕಿ. ಕಾಗದದ ಮೇಲೆ ಬಾರದ್ದು ಫೋಟೋನೇ ಅಲ್ಲ ಎನ್ನುವ ಅಣ್ಣ, ತೆಗೆದು, ಪ್ರಿಂಟ್ ಹಾಕಿ, ಎರಡು ತಿಂಗಳ ಹಿಂದೆ ತಂದ ಸ್ಕ್ಯಾನರ್ ಮೇಲಿಟ್ಟ. ಅಪ್‌ಲೋಡ್ ಮಾಡಿದರೆ ಕೆಂಪಕ್ಷರ: ಫೈಲ್ ದೊಡ್ಡದಾಗಿದೆ, ಐವತ್ತು ಕೆಬಿ ಮೀರಬಾರದು.

ದೊಡ್ಡದಕ್ಕೆ ಅಣ್ಣನಿಗೆ ಗೊತ್ತಿದ್ದ ಮದ್ದು ಕತ್ತರಿ. ಪ್ರಿಂಟಿನ ಅಂಚು ಕತ್ತರಿಸಿ ಮತ್ತೆ ಸ್ಕ್ಯಾನರ್ ಮೇಲಿಟ್ಟ. ದೊಡ್ಡದು. ಭುಜ ಹೋಯಿತು. ಆಗಲೂ ದೊಡ್ಡದು. ಕತ್ತರಿ ಕಿವಿಯ ಹತ್ತಿರ ಬಂದಾಗ ನಾನೇ ತಡೆದೆ. ಸ್ಕ್ಯಾನರ್ ಸುತ್ತಲಿನ ಖಾಲಿ ಗಾಜನ್ನೂ ಸೇರಿಸಿ ಓದುತ್ತದೆಂದು ಆಮೇಲೆ ಯಾರೋ ಹೇಳಿದರು.

"ಕೆಬಿ ಅಂದ್ರೆ ಉದ್ದಾನಾ, ತೂಕಾನಾ?" ಎಂದ ಅಣ್ಣ.

ಪಕ್ಕದ ಮೊಬೈಲ್ ರಿಪೇರಿಯವನನ್ನು ಕರೆತಂದೆ. ಅವನು ಕಂಪ್ಯೂಟರಿನಲ್ಲಿ ಚಿತ್ರ ಕುಗ್ಗಿಸುವ ಜಾಗ ತೋರಿಸಿ ಓಡಿದ. ಅಣ್ಣ ಸಿಟ್ಟಿನಲ್ಲಿ ಪೂರ್ತಿ ಕುಗ್ಗಿಸಿಬಿಟ್ಟ. ಈಗ ಹೊಸ ಕೆಂಪಕ್ಷರ: ಫೈಲ್ ಚಿಕ್ಕದಾಗಿದೆ, ಇಪ್ಪತ್ತು ಕೆಬಿಯಾದರೂ ಇರಬೇಕು. ಅತ್ತ ದರಿ, ಇತ್ತ ಪುಲಿ. ಹಿಗ್ಗಿಸಿ ಕುಗ್ಗಿಸಿ, ಐದಕ್ಕೆ ಹತ್ತು ನಿಮಿಷವಿರುವಾಗ ಹಸಿರು ಗುರುತು ಬಂತು. ಪರದೆಯ ತುಂಬ ಬಿಳಿ, ಮೂಲೆಯಲ್ಲಿ ಕಣ್ಣು ಮೂಗು ತಿಳಿಯದ ಒಂದು ಕಲೆ. ಅದು ನಾನು.

ಅಣ್ಣ ಅರ್ಜಿ ಕಳಿಸುವ ಗುಂಡಿ ಒತ್ತಲೊಲ್ಲ. "ಇದು ನೀನಲ್ಲ ಕಣೆ. ನನ್ನ ಸ್ಟುಡಿಯೋದಿಂದ ಇಂಥದ್ದು ಹೋಗಲ್ಲ."

ನನಗೆ ಅಳುವೇ ಬಂತು. "ನಾನ್ಯಾರು ಅಂತ ನನಗೆ ಗೊತ್ತಲ್ಲಣ್ಣ. ಒತ್ತು."

ಮುಖ ಆ ಕಡೆ ತಿರುಗಿಸಿಕೊಂಡು ಒತ್ತಿದ.

ಪರೀಕ್ಷೆಯ ದಿನ ಗೇಟಿನ ಕಾವಲುಗಾರ ಪ್ರವೇಶಪತ್ರ ನೋಡಿದ, ನನ್ನನ್ನು ನೋಡಿದ, ಪತ್ರವನ್ನು ಬೆಳಕಿಗೆ ಹಿಡಿದ. ಇದು ಯಾರು ಬೇಕಾದರೂ ಆಗಬಹುದು, ಪಕ್ಕಕ್ಕೆ ನಿಲ್ಲಿ ಎಂದ.

ಅಣ್ಣ ಜನರನ್ನು ಸರಿಸಿಕೊಂಡು ಬಂದ. ಬೆಳಿಗ್ಗೆಯಿಂದ ಅವನ ಕಂಕುಳಲ್ಲಿದ್ದ, ಬಟ್ಟೆ ಸುತ್ತಿದ ಹಲಗೆಯಂಥದ್ದು ಏನೆಂದು ನಾನು ಕೇಳಿರಲಿಲ್ಲ. ಬಿಚ್ಚಿದರೆ ಅದೇ ಫೋಟೋ, ಎರಡಡಿ ಎತ್ತರ, ಕಟ್ಟು ಹಾಕಿಸಿದ್ದು. ಕಾವಲುಗಾರ ಕಟ್ಟಿನಿಂದ ಕಲೆಗೆ, ಕಲೆಯಿಂದ ನನಗೆ ಕಣ್ಣು ಹಾಯಿಸಿದ. ಕಟ್ಟಿನಲ್ಲಿದ್ದ ಕಾಲರಿನ ಗೆರೆ, ಬೈತಲೆ ಕಲೆಯಲ್ಲೂ ಮಸುಕಾಗಿ ಇದ್ದವು. ನಗು ತಡೆದುಕೊಂಡು ಒಳಗೆ ಬಿಟ್ಟ.

ಮೂರು ಗಂಟೆ ಕಳೆದು ಹೊರಬಂದರೆ ಅಣ್ಣ ಕಟ್ಟಿನೊಳಗಿನ ನನ್ನನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದ. ಪರೀಕ್ಷೆ ಹೇಗಾಯಿತೆಂದು ಕೇಳಲೇ ಇಲ್ಲ.

"ಅಲ್ವೇ, ಇಷ್ಟು ದೊಡ್ಡದು ಆ ಗೇಟಿನವನ ಕಣ್ಣೊಳಗೆ ಹಿಡೀತು. ಅಷ್ಟು ದೊಡ್ಡ ಮಿಷನ್ನಿಗೆ ಯಾಕೆ ಹಿಡೀಲಿಲ್ಲ?"

ಫೋಟೋದ ಇನ್ನೊಂದು ತುದಿ ನಾನು ಹಿಡಿದುಕೊಂಡೆ.